ಕುರಿ ನೆಕ್ಕುವ ಇಟ್ಟಿಗೆ

ಜಗಳೂರು ಕಡೆಯ ಆ ಹಳ್ಳಿಯಲ್ಲಿ ಅಜ್ಜಮ್ಮನ ಬಾಯಿಗೆ ಹೆದರದವರಿಲ್ಲ. ಎರಡು ವರ್ಷದ ಮೊಮ್ಮಗ ಸುದೀಪನ ಮುಂದೆ ಮಾತ್ರ ಅವಳು ಬೆಣ್ಣೆ. ಅವನು ಗೋಡೆ ಕೆರೆದು ಮಣ್ಣು ತಿಂದರೆ, “ನಮ್ಮನ್ಯಾಗೆ ಕೃಷ್ಣ ಹುಟ್ಯಾನೆ” ಎಂದು ಬೀದಿಗೆಲ್ಲ ಸಾರುತ್ತಿದ್ದಳು. ಊಟಕ್ಕೆ ಮುಖ ತಿರುಗಿಸಿದರೆ ಲೋಟದ ತುಂಬ ಟೀ ಕೊಟ್ಟು, ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದಳು. ಹುಡುಗನ ಕೈಕಾಲು ಕಡ್ಡಿಯಾಗಿತ್ತು, ಮುಖ ಬಿಳಿಚಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಸಿದು ಕೂರುತ್ತಿದ್ದ.

“ಅತ್ತೆ, ಆಸ್ಪತ್ರೆಗೆ ತೋರ್ಸನ ಬರ್ರಿ. ಅಂಗನವಾಡಿ ಟೀಚರ್ ತೂಕ ನೋಡಿ ಗಾಬರಿ ಆದ್ರು,” ಎಂದು ಸೊಸೆ ಸುಚಿತ್ರಾ ಗೋಗರೆದಳು.

“ನಿನ್ನ ಗಂಡನೂ ಹಿಂಗೇ ಇದ್ದ. ಸೂಜಿ ಚುಚ್ಚಿಸಿ ಮಗೀನ ಅಳಿಸಾಕೆ ನಾ ಬಿಡಲ್ಲ,” ಎಂದಳು ಅಜ್ಜಮ್ಮ.

ಆ ವಾರ ಮನೆ ಪಕ್ಕದ ರೊಪ್ಪದಲ್ಲಿ ಕೂಡಿದ್ದ ಕುರಿಮರಿಗಳು ಒಂದರ ಉಣ್ಣೆಯನ್ನೊಂದು ಕಿತ್ತು ತಿನ್ನತೊಡಗಿದವು. ಅಜ್ಜಮ್ಮ ಗಂಡ ಗೋಣೆಪ್ಪನ ಮೇಲೆ ಹರಿಹಾಯ್ದಳು. “ಉಣ್ಣೆ ತಿಂತಾವೆ ಅಂದ್ರೆ ಮೈಯಾಗೆ ಏನೋ ಕಮ್ಮಿ ಆಗೈತೆ. ಅಷ್ಟೂ ತಿಳಿಯಲ್ವಾ? ನೆಕ್ಕೋ ಇಟ್ಟಿಗೆ ತಂದು ಕಟ್ಟು!”

ಗೋಣೆಪ್ಪ ಪೇಟೆಗೆ ಹೋಗಿ, ಖನಿಜ ಲವಣದ ಇಟ್ಟಿಗೆ ತಂದು ರೊಪ್ಪದಲ್ಲಿ ಕಟ್ಟಿದ. ಮರಿಗಳು ಮುಗಿಬಿದ್ದವು.

ತುಸು ಹೊತ್ತಿಗೆ ಮೊಮ್ಮಗ ಕಾಣಲಿಲ್ಲ. ಹುಡುಕಿದರೆ, ಎರಡು ಮರಿಗಳ ನಡುವೆ ಕತ್ತು ತೂರಿಸಿ ಅವನೂ ಇಟ್ಟಿಗೆ ನೆಕ್ಕುತ್ತಿದ್ದ! ಗೋಣೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲು ಹೋದ ಅಜ್ಜಮ್ಮ ಅವನ ಬಿಳಿಚಿದ ಮುಖ ಕಂಡು ಬಾಚಿ ಎತ್ತಿಕೊಂಡಳು. ಕುರಿಯಲ್ಲಿ ಕಂಡ ಕೊರತೆ ತನ್ನ ಕೂಸಿನಲ್ಲಿ ಕಾಣಲಿಲ್ಲವಲ್ಲ!

“ಸುಚಿತ್ರಾ, ಲಗೂನ ಹೊರಡೇ, ಬಸ್ಸು ಬರೋ ಹೊತ್ತಾತು!”

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. “ಕಬ್ಬಿಣದ ಅಂಶ ಭಾಳ ಕಮ್ಮಿ ಐತೆ. ಅದಕ್ಕೇ ಮಣ್ಣು ತಿಂತಾನೆ. ಔಷಧಿ ಕೊಡ್ತೀನಿ. ಮೊಟ್ಟೆ, ಸೊಪ್ಪು, ಕಾಳು ತಿನ್ನಿಸ್ರಿ. ಟೀ ಕೊಟ್ರೆ ಕಬ್ಬಿಣ ಮೈಗೆ ಹತ್ತಲ್ಲ. ಯಾರು ಕೊಡೋದು ಟೀನ?”

ಸುಚಿತ್ರಾ ಸೂರು ನೋಡಿದಳು.

“ನಾನೇ ರೀ,” ಎಂದಳು ಅಜ್ಜಮ್ಮ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಸೊಸೆ ಅದುವರೆಗೆ ಕೇಳಿರಲಿಲ್ಲ.

ತಾನು ಕುಡಿದರೆ ಮಗು ಕೇಳುತ್ತದೆಂದು ಅಜ್ಜಮ್ಮ ತನ್ನ ಟೀಯನ್ನೂ ಬಿಟ್ಟಳು. ಅವಳ ತಲೆನೋವಿನ ಸಿಡುಕಿಗೆ ಇಡೀ ಬೀದಿ ತತ್ತರಿಸಿತು. ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಉಣ್ಣಲು ಕೂತಿದ್ದ ಅವಳ ತಟ್ಟೆಗೆ ಸುದೀಪ ಓಡಿ ಬಂದು ಕೈಹಾಕಿದ. ಮುದ್ದೆ, ಸೊಪ್ಪಿನ ಸಾರು ಎಲ್ಲ ಬಳಿದು ತಿಂದು, “ಅಜ್ಜಿ, ಇನ್ನಾ!” ಎಂದ.

ಗೋಣೆಪ್ಪ ಮೆಲ್ಲಗೆ ಕೇಳಿದ, “ಇನ್ನಾದ್ರೂ ಒಂದು ಲೋಟ ಟೀ ಕುಡಿತೀಯೇನೇ?”

“ಟೀ ಅತ್ಲಾಗಿರ್ಲಿ,” ಎಂದು ಅಜ್ಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೊಂದು ಮುದ್ದೆ ತಾ. ನನ್ ಕೂಸಿಗೆ ಹಸಿವಾಗೈತೆ.”