ರೌಟರಿಗೊಂದು ಮಂಟಪ

ಕಳೆದ ತಿಂಗಳು ಕಿನ್ನಾಳದ ರೇಣುಕಮ್ಮನ ಮುಖ ಇಪ್ಪತ್ತೆಂಟು ಮಂದಿಯ ಎದುರು ಬಾಯಿ ತೆರೆದುಕೊಂಡು ನಾಲ್ಕು ನಿಮಿಷ ಹಾಗೇ ನಿಂತುಬಿಟ್ಟಿತ್ತು. ಅವಳೇನೋ ಮಾತಾಡುತ್ತಲೇ ಇದ್ದಳು. ಗೋಣಿನಾರು ಎಷ್ಟು ದಿನ ನೆನೆಯಬೇಕು, ಹುಣಸೆ ಬೀಜದ ಅಂಟು ಯಾವ ಹದಕ್ಕೆ ಬರಬೇಕು, ಎರಡನ್ನೂ ಕಲಸಿ ಗೊಂಬೆಯ ಕೈಕಾಲು ಕೂಡಿಸುವ ಕಿಟ್ಟ ಮಾಡುವುದು ಹೇಗೆ ಎಂದು ಕೈಯಾಡಿಸಿ ಹೇಳುತ್ತಿದ್ದಳು. ಮೊಬೈಲಿನ ಇಂಟರ್ನೆಟ್ ಕೈಕೊಟ್ಟಿದ್ದರಿಂದ ಆ ಕಡೆಯವರಿಗೆ ಕಂಡದ್ದು ತೆರೆದ ಬಾಯಿ ಮಾತ್ರ. ಆನ್‌ಲೈನ್ ತರಗತಿ ಅಲ್ಲಿಗೇ ಮುಗಿಯಿತು.

ತರಗತಿ ಏರ್ಪಡಿಸಿದ್ದವಳು ಗಂಗಾವತಿಯಲ್ಲಿ ಕರಕುಶಲ ಸಂಸ್ಥೆ ನಡೆಸುವ ಜರೀನಾ. ಒಳ್ಳೆಯ ಹೆಂಗಸು, ಇನ್ನೊಂದು ಅವಕಾಶ ಕೊಟ್ಟಳು.

"ರೇಣುಕಮ್ಮಾರ, ಈ ಆಯ್ತವಾರ ಹತ್ತು ಗಂಟೇಕ ಮತ್ತ ಇಡ್ತೀನ್ರಿ. ಈ ಸಲಾನೂ ನಿಂತ್ರ ಮಂದಿ ಕೂಡಂಗಿಲ್ರಿ. ಬ್ಯಾರೆ ಯಾರನ್ನರ ನೋಡಬೇಕಾಗತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಫೋನಿನಲ್ಲಿ ಹೇಳಿದಳು.

ಬೇಸರ ಆಗದೆ ಇರುತ್ತದೆಯೇ? ರೇಣುಕಮ್ಮ ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಅಂದಿನಿಂದ ಇಂದಿನವರೆಗೆ ಈ ಮನೆಯಿಂದ ಹೊರಬಿದ್ದ ಒಂದೊಂದು ಗೊಂಬೆಯ ಕೀಲಿನಲ್ಲೂ ಅವಳು ಕಲಸಿದ ಕಿಟ್ಟವಿದೆ. ಆದರೆ ಯಾವ ಪ್ರದರ್ಶನಕ್ಕೆ ಹೋದರೂ ಮಳಿಗೆಯ ಮೇಲಿನ ಹೆಸರು ಗಂಡ ಕಳಕಪ್ಪ ಚಿತ್ರಗಾರನದೇ. ಯಾರಾದರೂ "ಅಕ್ಕಾರು ಏನ್ ಮಾಡ್ತಾರ್ರಿ?" ಎಂದು ಕೇಳಿದರೆ ಅವಳು ಬಾಯಿ ಬಿಡುವ ಮೊದಲೇ ಕಳಕಪ್ಪ ಹೇಳಿಬಿಡುತ್ತಿದ್ದ, "ಮನೀ ಕೆಲಸ ನೋಡ್ತಾಳ್ರಿ. ಮತ್ತ ಸಣ್ಣಪುಟ್ಟದ್ದು ಮಾಡ್ತಾಳ." ಕೆಟ್ಟವನಲ್ಲ ಪಾಪ. ಅದರ ಬಗ್ಗೆ ಅವನು ಯೋಚನೆಯನ್ನೇ ಮಾಡಿರಲಿಲ್ಲ, ಅಷ್ಟೆ. ಜರೀನಾಳ ತರಗತಿಯಲ್ಲಿ ಮಾತ್ರ ಅವಳ ಮುಖದ ಕೆಳಗೆ 'ಶಿಕ್ಷಕಿ: ರೇಣುಕಮ್ಮ' ಎಂದು ಅಕ್ಷರಗಳು ಮೂಡಿದ್ದವು. ಆ ಅಕ್ಷರಗಳನ್ನು ಒಂದು ತಾಸು ಪೂರ್ತಿ ನೋಡಬೇಕೆಂಬ ಆಸೆ ಅವಳಿಗಿತ್ತು.

ಮನೆಗೆ ಫೈಬರ್ ವೈರು ಹೊಸದಾಗಿ ಬಂದಿತ್ತು. ಆದರೆ ಅದರ ಡಬ್ಬಿ ಇದ್ದದ್ದು ಮುಂದಿನ ಪಡಸಾಲೆಯಲ್ಲಿ, ಕೆಲಸದ ಕೋಣೆ ಹಿತ್ತಲ ಕಡೆ. ನಡುವೆ ಎರಡು ಕಲ್ಲುಗೋಡೆ, ಸಿಗ್ನಲ್ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಬುಧವಾರ ಗಂಡಹೆಂಡತಿ ಇಬ್ಬರೂ ಕೊಪ್ಪಳಕ್ಕೆ ಹೋಗಿ, ಕಂಪ್ಯೂಟರ್ ಸಾಮಾನು ಮಾರುವ ಸಾದಿಕನ ಅಂಗಡಿ ಹತ್ತಿದರು.

ಕಳಕಪ್ಪನ ಕಣ್ಣು ಮೊದಲು ಬಿದ್ದದ್ದು ಆರು ಆಂಟೆನಾ ನಿಗುರಿಸಿಕೊಂಡು ಕೂತಿದ್ದ ಒಂದು ಕರಿ ರೌಟರಿನ ಮೇಲೆ. "ಇದ ಇರ್ಲಿ. ನೋಡಾಕ ಭಾಳ ಛಂದ ಐತಿ" ಎಂದ.

"ಅಣ್ಣಾರ, ರೌಟರ್ ನೋಡಾಕ ತಗೊಳ್ಳಂಗಿಲ್ರಿ" ಎಂದು ಸಾದಿಕ ನಕ್ಕು ರೇಣುಕಮ್ಮನ ಕಡೆ ತಿರುಗಿದ. "ಅಕ್ಕಾರ, ಮನ್ಯಾಗ ಎಷ್ಟು ಮಂದಿ ಫೋನ್ ಹಚ್ತೀರಿ? ಗ್ವಾಡಿ ಕಲ್ಲಿನವೋ ಇಟ್ಟಂಗಿವೋ? ನೀವು ಕುಂದ್ರೂದು ಯಾವ ಖೋಲ್ಯಾಗ?"

ತನ್ನನ್ನೇ ಕೇಳಿದನಲ್ಲ ಎಂದು ಅವಳಿಗೆ ಹಿಗ್ಗು. ಎಲ್ಲ ವಿವರವಾಗಿ ಹೇಳಿದಳು. ಸಾದಿಕ ಕಪಾಟಿನ ಮೂಲೆಯಿಂದ ನಾಲ್ಕು ಆಂಟೆನಾದ, ಯಾವ ಬೆಡಗೂ ಇಲ್ಲದ ಬಿಳಿ ರೌಟರ್ ತೆಗೆದ.

"ಇದು ಎರಡು ಥರಾ ಸಿಗ್ನಲ್ ಕೊಡತೈತ್ರಿ. ಒಂದು ಜೋರು ಓಡತೈತಿ, ಆದ್ರ ಗ್ವಾಡಿ ಕಂಡ್ರ ಸುಸ್ತು. ಇನ್ನೊಂದು ಸಾವಕಾಶ, ಆದ್ರ ಗ್ವಾಡಿ ದಾಟತೈತಿ. ನಿಮಗ ಇದ ಸಾಕು. ಕರೆಂಟ್ ಹೋದ್ರ ನಡೀಲಿ ಅಂತ ಈ ಸಣ್ಣ ಬ್ಯಾಟರಿ ಹಚ್ರಿ. ಪಡಸಾಲಿಂದ ವೈರ್ ಎಳದು ನಡುಮನ್ಯಾಗ ಎತ್ತರಕ್ಕ ಇಡ್ರಿ. ಬಿಸಿ ಆಗತೈತಿ, ಗಾಳಿ ಆಡಬೇಕು. ಕೆಟ್ರ ಮೂರು ವರ್ಷ ಗ್ಯಾರಂಟಿ ಐತಿ, ನಾ ಇದ್ದೀನಿ."

ಗುರುವಾರ ನಡುಮನೆಯ ಗೂಡಿನಲ್ಲಿ ರೌಟರ್ ಕೂತಿತು. ಹಿತ್ತಲ ಕೋಣೆಯಲ್ಲಿ ವಿಡಿಯೊ ನೀರು ಹರಿದಂತೆ ಓಡಿತು. ರೇಣುಕಮ್ಮ ನಿರಾಳವಾಗಿ ಶುಕ್ರವಾರ ತಳಕಲ್ಲಿಗೆ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಳು.

ಶನಿವಾರ ಸಂಜೆ ಬಂದು ನೋಡುತ್ತಾಳೆ, ಗೂಡಿನಲ್ಲಿ ರೌಟರ್ ಇಲ್ಲ! ಅಲ್ಲೊಂದು ಮಂಟಪವಿದೆ. ಕೆಂಪು, ಹಳದಿ, ಹಸಿರು. ಎರಡು ಬಾಗಿಲು, ಬಾಗಿಲಿಗೊಂದೊಂದು ಗಿಳಿ, ಮೇಲೆ ಕಮಾನು, ಕಮಾನಿನ ತುದಿಗೆ ನವಿಲು. ಅರ್ಧಕ್ಕೆ ನಿಂತು ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ಮಂಟಪವನ್ನು ಕಳಕಪ್ಪ ಎರಡು ದಿನ ಊಟ ನಿದ್ದೆ ಬಿಟ್ಟು ಮುಗಿಸಿದ್ದ.

"ನೀ ಹೆಣ್ಣಮಗಳು ಕಲಿಸಾಕ ಕುಂದ್ರತಿ. ನಿನ್ನ ಡಬ್ಬಿ ಬರೇ ಮೈಲೆ ಕುಂತಿರತೈತೇನು?" ಎಂದು ಬಾಗಿಲು ತೆಗೆದು ತೋರಿಸಿದ. "ಸಾದಿಕ ಹೇಳಿದಂಗ ಗಾಳಿಗೆ ತೂತು ಬಿಟ್ಟೀನಿ ನೋಡು. ಇಲಿ ವೈರು ಕಡೀಬಾರ್ದು ಅಂತ ಒಳಗ ನಾಕೂ ಕಡಿ ಎಣ್ಣಿ ಡಬ್ಬಿ ತಗಡು ಬಡದೀನಿ. ಬಾಗಲಕ್ಕೂ ಬಡದೀನಿ."

ಬೆಲೆಯುಳ್ಳ ವಸ್ತುವಿಗೆ ಬಣ್ಣದ ಮನೆ ಕಟ್ಟುವುದು ಕಿನ್ನಾಳದವರ ಕೈಗೆ ಅಂಟಿದ ಗುಣ. ಒಳಗೆ ರೌಟರಿನ ಹಸಿರು ದೀಪ ಮಿಣಕುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಮಾಡಿದ್ದೆಲ್ಲ ಮಾರಲಿಕ್ಕೇ. ಅವಳಿಗೆಂದು ಮಾಡಿದ್ದು ಇದೇ ಮೊದಲು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜರೀನಾ ಒಮ್ಮೆ ಪರೀಕ್ಷೆ ಮಾಡೋಣವೆಂದು ವಿಡಿಯೊ ಕರೆ ಮಾಡಿದಳು. ಹಿತ್ತಲ ಕೋಣೆಯಲ್ಲಿ ಹುಣಸೆ ಬೀಜದ ಅಂಟು, ನಾರು ಎಲ್ಲ ಜೋಡಿಸಿಟ್ಟುಕೊಂಡು ಕೂತಿದ್ದ ರೇಣುಕಮ್ಮ "ನಮಸ್ಕಾರ್ರಿ" ಎಂದಳು. 'ನಮ' ಅಷ್ಟೇ ಹೋಯಿತು. ಮುಖ ಮತ್ತೆ ಬಾಯಿ ತೆರೆದು ನಿಂತಿತು.

ರೌಟರ್ ಆರಿಸಿ ಹಚ್ಚಿದಳು, ಫೋನ್ ಆರಿಸಿ ಹಚ್ಚಿದಳು. ಏನೂ ಆಗಲಿಲ್ಲ. "ನಾ ಅವತ್ತ ಹೇಳಿದ್ದೆ, ಆರು ಆಂಟೆನಾದ್ದು ತಗೋಳೂನು ಅಂತ" ಎಂದು ಕಳಕಪ್ಪ ಗೊಣಗಿದ. ಕೊನೆಗೆ ಸಾದಿಕನಿಗೇ ಫೋನ್ ಹೋಯಿತು. ಅವನು ರಜೆಯ ದಿನವೆಂದು ನೋಡದೆ, ಆ ಆರು ಆಂಟೆನಾದ ರೌಟರನ್ನೂ ಬಗಲಲ್ಲಿ ಇಟ್ಟುಕೊಂಡು ಬೈಕ್ ಹತ್ತಿದ.

ಅವನು ಬಂದಾಗ ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು. ನಡುಮನೆಗೆ ಬಂದವನು ಮಂಟಪ ಕಂಡು ಹಾಗೇ ನಿಂತ.

"ವ್ಹಾ! ಏನ್ ಕೈ ಅಣ್ಣಾರ ನಿಮ್ದು!" ಎಂದ. ಬಾಗಿಲು ತೆಗೆದು ಒಳಗೆ ಬೆರಳಿನಿಂದ ಕುಟ್ಟಿದ. ಟಣ್ ಎಂದಿತು. ಅವನ ಮೀಸೆಯಡಿ ನಗು ಒಡೆಯಿತು. ತನ್ನ ಮೊಬೈಲನ್ನು ರೌಟರಿನ ಪಕ್ಕಕ್ಕಿಟ್ಟು ಬಾಗಿಲು ಹಾಕಿದ. "ಅಕ್ಕಾರ, ನನಗೊಂದು ಫೋನ್ ಹಚ್ರಿ."

ಅಂಗಳಕ್ಕೆ ಹೋಗಿ ರೇಣುಕಮ್ಮ ಫೋನ್ ಹಚ್ಚಿ, ಮೂವರಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ನುಡಿಯಿತು.

"ಕೇಳಿದ್ರಿ? ನಾ ನಿಮ್ಮ ಮನ್ಯಾಗ ನಿಂತೀನಿ, ನನ್ನ ಫೋನ್ ಊರು ಬಿಟ್ಟು ಹೋಗೈತಿ" ಎಂದ ಸಾದಿಕ. "ತಗಡು ಸಿಗ್ನಲ್ ಹೊರಗ ಬಿಡಂಗಿಲ್ಲ ಅಣ್ಣಾರ. ತಪ್ಪು ನಂದ. ಮುಚ್ಚಬ್ಯಾಡ್ರಿ ಅಂತ ಹೇಳಬೇಕಿತ್ತು. ರೌಟರಿಗೆ ಮಂಟಪ ಕಟ್ಟೂ ಮಂದಿ ಇರ್ತಾರ ಅಂತ ನನಗೇನು ಗೊತ್ತು?"

ಕಳಕಪ್ಪನ ಮುಖ ಸಣ್ಣದಾಯಿತು. ರೇಣುಕಮ್ಮನಿಗೆ ಗಡಿಯಾರ ನೋಡುವುದೋ ಗಂಡನ ಮುಖ ನೋಡುವುದೋ ತಿಳಿಯಲಿಲ್ಲ. ಕಳಕಪ್ಪ ತಾನೇ ವೈರು ಕಿತ್ತು ರೌಟರ್ ಹೊರಗೆಳೆದ. ಗೋಣಿದಾರದಲ್ಲಿ ಬಿಗಿದು ತೊಲೆಯ ಮೊಳೆಗೆ ನೇತುಹಾಕಿ, ವೈರು ಮತ್ತೆ ಜೋಡಿಸಿದ. ಹಿತ್ತಲ ಕೋಣೆಯಲ್ಲಿ ಜರೀನಾಳ ಮುಖ ಪಟ್ಟನೆ ಮೂಡಿ "ಬಂತ್ರಿ, ಬಂತು!" ಎಂದಿತು.

ಹತ್ತಕ್ಕೆ ತರಗತಿ ಶುರುವಾಯಿತು. ಮೂವತ್ತೊಂದು ಮುಖ. ರೇಣುಕಮ್ಮ ನಾರು ಪುಡಿ ಮಾಡಿದಳು, ಅಂಟು ಹೊಯ್ದಳು, ಕಲಸಿದಳು. ಎಲ್ಲೂ ನಿಲ್ಲಲಿಲ್ಲ. ಅರ್ಧ ತಾಸಾದ ಮೇಲೆ ಕುಷ್ಟಗಿಯ ಒಬ್ಬ ಹುಡುಗಿ, "ಟೀಚರ್, ಇದರ್ಲೆ ಜೋಡಿಸಿದ್ದು ಎಷ್ಟು ಗಟ್ಟಿ ಇರತೈತ್ರಿ?" ಎಂದು ಕೇಳಿದಳು.

ರೇಣುಕಮ್ಮ ಎದ್ದು ಹೋಗಿ ಖಾಲಿ ಮಂಟಪವನ್ನೇ ಎತ್ತಿ ತಂದಳು. ಕಳಕಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಕಮಾನಿನ ಕೀಲನ್ನು ಕ್ಯಾಮೆರಾ ಹತ್ತಿರ ಹಿಡಿದು, ನವಿಲಿನ ಕುತ್ತಿಗೆಯಿಂದಲೇ ಇಡೀ ಮಂಟಪವನ್ನು ಮೇಲೆತ್ತಿ ತೋರಿಸಿದಳು. ಒಂದು ಕೀಲೂ ಅಲುಗಲಿಲ್ಲ.

"ಅಯ್ಯಯ್ಯ, ಎಷ್ಟು ಛಂದ ಐತ್ರಿ! ಯಾರು ಮಾಡಿದ್ದು?" ಎಂದಳು ಹುಡುಗಿ.

"ನಮ್ಮ ಮನಿಯವ್ರು ಮಾಡ್ಯಾರವಾ" ಎಂದಳು ರೇಣುಕಮ್ಮ. ಅಭ್ಯಾಸವಾಗಿಹೋಗಿತ್ತು.

ಆಗ ಕಳಕಪ್ಪ ಬಾಗಿಲಿನಿಂದ ಒಳಕ್ಕೆ ಬಂದು ಹೆಂಡತಿಯ ಹೆಗಲ ಹಿಂದೆ ಬಗ್ಗಿದ. ಫೋನಿನಲ್ಲಿ ಅವನ ಅರ್ಧ ಮುಖವಷ್ಟೇ ಕಂಡಿತು.

"ಬಣ್ಣ ಅಷ್ಟ ನಂದ್ರಿ. ಇಪ್ಪತ್ತೆರಡು ವರ್ಷದಿಂದ ನಾ ಮಾಡಿದ್ದೆಲ್ಲಾ ಬೀಳಲಾರದಂಗ ಹಿಡಕೊಂಡಿದ್ದು ಈಕೀ ಕಿಟ್ಟ" ಎಂದು ಗಟ್ಟಿಯಾಗಿ ಹೇಳಿದ. ಹೇಳಿದವನೇ ನಾಚಿಕೆಯಾಗಿ, ಸಾದಿಕನಿಗೆ ಚಹಾ ಇಡುವ ನೆಪದಿಂದ ಅಡುಗೆಮನೆ ಹೊಕ್ಕ.

ರೇಣುಕಮ್ಮ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಕೈತುಂಬ ಕಿಟ್ಟವಿತ್ತು. ಮೊಣಕೈಯಿಂದ ಒರೆಸಿಕೊಂಡು ಪಾಠ ಮುಂದುವರಿಸಿದಳು. ಈ ಬಾರಿಯೂ ಮಾತು ಒಂದು ನಿಮಿಷ ನಿಂತಿತ್ತು, ಆದರೆ ಅದಕ್ಕೆ ರೌಟರ್ ಕಾರಣವಲ್ಲವೆಂದು ಮೂವತ್ತೊಂದು ಮಂದಿಗೂ ಗೊತ್ತಾಯಿತು.

ಮಂಟಪದಲ್ಲಿ ಈಗ ಅವಳ ಹುಣಸೆ ಬೀಜಗಳಿವೆ. ತಗಡು ಇರುವುದರಿಂದ ಇಲಿಯ ಕಾಟವಿಲ್ಲ. ಆಯ್ತವಾರ ಬಂತೆಂದರೆ ಕಳಕಪ್ಪ ಹತ್ತಕ್ಕೆ ಐದು ನಿಮಿಷ ಮೊದಲೇ, "ಟೀಚರಮ್ಮಾರ, ಟೈಮಾತ್ರಿ" ಎಂದು ಕೂಗುತ್ತಾನೆ. ತೊಲೆಗೆ ನೇತಾಡುವ ಬರಿಮೈ ರೌಟರನ್ನು ನೋಡಿದಾಗಲೆಲ್ಲ ಅವನ ಕೈ ಕುಂಚ ಹುಡುಕುತ್ತದೆ. ಒಂದು ಸಣ್ಣ ಗಿಳಿಯನ್ನಾದರೂ ಬರೆಯುತ್ತೇನೆಂದು ದಿನಾ ಕೇಳುತ್ತಾನೆ. ರೇಣುಕಮ್ಮ ಇನ್ನೂ ಒಪ್ಪಿಲ್ಲ.