ಐದರಲ್ಲಿ ಎರಡು

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು ಹೇಳುವುದಿಲ್ಲ. ಪಿಂಚಣಿ ಇನ್ನೂ ಅವರೇ ಕೊಡುತ್ತಿದ್ದಾರೆ. ಮೂವತ್ತೊಂದು ವರ್ಷ ಅಲ್ಲಿ ನನ್ನದು ಒಂದೇ ಕೆಲಸ, ಆಟಗಾರರ ಕಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುವುದು. ಕಾಲು ಇನ್ನೊಬ್ಬರ ಕೈಯಲ್ಲಿರುವಾಗ ಮನುಷ್ಯ ಸುಳ್ಳು ಹೇಳುವುದು ಕಡಿಮೆ. ಹಾಗಾಗಿ ತಂಡದ ಒಡೆಯನಿಗೆ ಗೊತ್ತಿಲ್ಲದ್ದೂ ಈ ಅಮೋಸ್ ಟಲಿಗೆ ಗೊತ್ತಿರುತ್ತಿತ್ತು. ಆ ಜಂಬವೂ ನನಗಿತ್ತು.

ಲವೆಲ್ ಪಿಟ್‌ಮನ್ ಮಿಸಿಸಿಪ್ಪಿಯಿಂದ ಬಂದಾಗ ಅವನಿಗೆ ಇಪ್ಪತ್ತೆರಡು ವರ್ಷ. ಲೈನ್‌ಬ್ಯಾಕರ್. ಚೆಂಡು ಹಿಡಿದು ಓಡಿ ಬರುವವನನ್ನು ನೆಲಕ್ಕೆ ಕೆಡವುವುದು ಅವನ ಉದ್ಯೋಗ. ಕೆಡವುವವರು ಬೇಕಾದಷ್ಟು ಜನ ಸಿಗುತ್ತಾರೆ. ಇವನು ಎದುರಾಳಿಗಳ ಮುಖ ನೋಡಿಯೇ ಚೆಂಡು ಯಾವ ಕಡೆ ಹೋಗುತ್ತದೆ ಎಂದು ಹೇಳುತ್ತಿದ್ದ. ಆ ಕಣ್ಣಿಗೇ ತಂಡ ದುಡ್ಡು ಕೊಟ್ಟಿದ್ದು.

ಪ್ರತಿ ಆಗಸ್ಟಿನಲ್ಲಿ ಡಾಕ್ಟರ್ ಹೋಲ್ಕಮ್ ಹೊಸಬರ ತಲೆ ಪರೀಕ್ಷೆ ಮಾಡುತ್ತಿದ್ದರು. ಐದು ಪದ ಓದುವುದು, ಹತ್ತು ನಿಮಿಷ ಬೇರೆ ಮಾತಾಡಿಸುವುದು, ಆಮೇಲೆ ಆ ಪದಗಳನ್ನು ಹೇಳಿಸುವುದು. ಬಂದ ಅಂಕ ಕಡತಕ್ಕೆ. ಮುಂದೆ ತಲೆಗೆ ಏಟು ಬಿದ್ದಾಗ ಮತ್ತೆ ಅದೇ ಪರೀಕ್ಷೆ. ಅಂಕ ಇಳಿದಿದ್ದರೆ ಬೆಂಚು, ಇಳಿಯದಿದ್ದರೆ ಮೈದಾನ.

"ನೋಡು ಮಗಾ," ಎಂದೆ, ಅವನ ಎಡಗಾಲಿಗೆ ಪಟ್ಟಿ ಸುತ್ತುತ್ತಾ, "ಒಳಗೆ ಹೋಗಿ ಜಾಣತನ ತೋರಿಸ್ಬೇಡ. ಇವತ್ತು ಪೆದ್ದ ಆದ್ರೆ, ನಾಳೆ ಏಟು ಬಿದ್ರೂ ಯಾರಿಗೂ ಗೊತ್ತಾಗಲ್ಲ."

"ಎಷ್ಟು ಪೆದ್ದ ಆಗ್ಬೇಕು, ಮಿಸ್ಟರ್ ಅಮೋಸ್?"

"ಐದರಲ್ಲಿ ಎರಡು ಹೇಳು, ಸಾಕು. ಒಂದೇ ಹೇಳಿದ್ರೆ ನಿಜವಾಗ್ಲೂ ಪೆದ್ದ ಅಂತ ಊರಿಗೆ ಕಳಿಸ್ಬಿಡ್ತಾರೆ."

ಈ ಉಪದೇಶವನ್ನು ನಾನು ಎಲ್ಲ ಹೊಸಬರಿಗೂ ಪುಕ್ಕಟೆ ಕೊಡುತ್ತಿದ್ದೆ. ಪುಣ್ಯದ ಕೆಲಸ ಎಂದೇ ಭಾವಿಸಿದ್ದೆ.

ಲವೆಲ್ ಎರಡೇ ಹೇಳಿ ಹೊರಗೆ ಬಂದ. ಬಂದವನೇ ನನ್ನ ಮೇಜು ಹತ್ತಿ ನಿಂತು, ಚರ್ಚಿನಲ್ಲಿ ಹಾಡುವವನ ಹಾಗೆ ಎದೆ ಉಬ್ಬಿಸಿ, "ಚಮಚ, ಕುದುರೆ, ಕಿಟಕಿ, ನಿಂಬೆ, ಸೇತುವೆ!" ಎಂದು ಐದನ್ನೂ ಹಾಡಿದ. ಹಿಂದಿನಿಂದ ಮುಂದಕ್ಕೂ ಹಾಡಿದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅದು ನಮ್ಮಿಬ್ಬರ ನಮಸ್ಕಾರವಾಯಿತು. ಅವನು ಕೊರೀನಳನ್ನು ಮದುವೆಯಾದಾಗ ಊಟದ ಮೇಜಿನಲ್ಲಿ ಅದೇ ಹಾಡು. ಮಗಳು ಹುಟ್ಟಿದ ಮೇಲೆ ಅವಳ ಸ್ನಾನಕ್ಕೂ ಅದೇ ಹಾಡು. ನಮ್ಮ ಡಾಕ್ಟರೋ, ಶಿಸ್ತಿನ ಮನುಷ್ಯ. ಇಷ್ಟು ವರ್ಷವಾದರೂ ಒಂದು ಪದವನ್ನೂ ಬದಲಿಸಲಿಲ್ಲ.

ಹನ್ನೊಂದು ವರ್ಷ ಆಡಿದ. ಅವನ ವಯಸ್ಸಿನ ಲೈನ್‌ಬ್ಯಾಕರ್‌ಗಳೆಲ್ಲ ಮನೆ ಸೇರಿ ಮಾಂಸ ಸುಡುತ್ತಾ ಕುಳಿತಿದ್ದರು. ಇವನ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ತಲೆಗೆ ನಾಲ್ಕು ಸಲ ದೊಡ್ಡ ಏಟು ಬಿತ್ತು. ನಾಲ್ಕು ಸಲವೂ ಬೇಕೆಂದೇ ಎರಡು ಪದ ಹೇಳಿ, ನನಗೆ ಕಣ್ಣು ಹೊಡೆದು ಮೈದಾನಕ್ಕೆ ಹೋದ.

ಐದನೆಯ ಏಟು ನವೆಂಬರಿನಲ್ಲಿ. ಎರಡು ದಿನ ಬಿಟ್ಟು ಕೊರೀನ್ ನನ್ನನ್ನು ಹುಡುಕಿಕೊಂಡು ಬಂದಳು.

"ಮಿಸ್ಟರ್ ಅಮೋಸ್, ನಿನ್ನೆ ಮಗಳನ್ನ ಕರ್ಕೊಂಡ್ ಬರೋಕೆ ಹೋದ. ಸ್ಕೂಲ್ ಮುಂದೆ ನಿಂತು ನನಗೆ ಫೋನ್ ಮಾಡಿ, 'ನಾನು ಇಲ್ಲಿಗೆ ಯಾಕೆ ಬಂದೆ?' ಅಂತಾನೆ. ಸಾಕು ಬಿಡು ಅಂದ್ರೆ ಕೇಳಲ್ಲ. ಕೊನೆಗೆ ಒಂದು ಮಾತು ಆಗಿದೆ. ಈ ಸಲ ಕಳ್ಳಾಟ ಇಲ್ಲ, ಗೊತ್ತಿರೋದೆಲ್ಲ ಹೇಳ್ಬೇಕು. ಡಾಕ್ಟರ್ ಬೇಡ ಅಂದ್ರೆ ಅವನು ಆಟ ಬಿಡ್ತಾನೆ. ಆಡು ಅಂದ್ರೆ ನಾನು ಬಾಯಿ ಮುಚ್ಕೋತೀನಿ."

ಈಗ ಅವನು ಐದೂ ಹೇಳಿದರೆ ಅಂಕ ಏರಿ, ಹಳೇ ಕಳ್ಳತನ ಬಯಲಾಗುತ್ತದಲ್ಲ ಎಂಬುದೇ ನನ್ನ ದೊಡ್ಡ ಚಿಂತೆ. ನನ್ನ ಬುದ್ಧಿವಂತಿಕೆ ಅಷ್ಟರಮಟ್ಟಿಗಿತ್ತು.

ಪರೀಕ್ಷೆಯ ದಿನ ಪರದೆಯ ಈಚೆ ನಾನು, ಆಚೆ ಡಾಕ್ಟರ್ ಮತ್ತು ಲವೆಲ್. ಡಾಕ್ಟರ್ ಪದಗಳನ್ನು ಓದಿದರು. ಹತ್ತು ನಿಮಿಷ ಹವೆಯ ವಿಚಾರ ಮಾತಾಡಿದರು. ಆಮೇಲೆ ಕೇಳಿದರು.

"ಚಮಚ," ಎಂದ ಲವೆಲ್. "ಕುದುರೆ." ಅವನು ತೊಡೆ ತಟ್ಟಿಕೊಳ್ಳುವುದು ಕೇಳಿಸಿತು. "ತಡೀರಿ ಡಾಕ್ಟರ್... ಬಾಯಲ್ಲೇ ಇದೆ... ಇಲ್ಲ."

ನನ್ನ ಕೈಯಲ್ಲಿದ್ದ ಪಟ್ಟಿಯ ಸುರುಳಿ ಬಿದ್ದು ಉರುಳಿಕೊಂಡು ಹೋಯಿತು.

"ಭೇಷ್!" ಡಾಕ್ಟರ್ ಕಡತ ಮುಚ್ಚಿದರು. "ಅವತ್ತೂ ಎರಡು, ಇವತ್ತೂ ಎರಡು. ಹನ್ನೊಂದು ವರ್ಷ ಆದ್ರೂ ಒಂದು ಅಂಕ ಇಳಿದಿಲ್ಲ. ಭಾನುವಾರ ಆಡಪ್ಪಾ."

ಕೊರೀನ್ ಹೊರಗೆ ಕಾರಿಗೆ ಒರಗಿ ನಿಂತಿದ್ದಳು. ನಾನೂ ಅವನ ಹಿಂದೆಯೇ ಹೋದೆ. ಅವನದು ಗೆದ್ದವನ ನಡಿಗೆ.

"ಪಾಸ್! ಕಳ್ಳಾಟ ಆಡ್ಲಿಲ್ಲ ಕಣೇ, ಮಗಳ ಮೇಲಾಣೆ. ಏನೂ ಆಗಿಲ್ವಂತೆ ನನ್ನ ತಲೆಗೆ."

"ಏನೇನ್ ಹೇಳ್ದೆ?"

"ಚಮಚ, ಕುದುರೆ. ಇನ್ನು ಮೂರು ಯಾವ್ದೋ ಹೊಸಾವು."

ಕೊರೀನ್ ನನ್ನ ಕಡೆ ತಿರುಗಿದಳು. "ಪದ ಬದಲಾಯಿಸಿದ್ರಾ, ಮಿಸ್ಟರ್ ಅಮೋಸ್?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನ ಭಾನುವಾರ, ನನ್ನ ನೌಕರಿ, ಎರಡೂ ಉಳಿಯುತ್ತಿದ್ದವು.

"ಇಲ್ಲಮ್ಮ," ಎಂದೆ. "ಅವೇ ಐದು. ಮೊದಲ ದಿನ ಎರಡೇ ಹೇಳು ಅಂತ ಕಲಿಸಿಕೊಟ್ಟ ಪಾಪಿ ನಾನೇ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನನಗೂ ಅಳು ತಡೆಯಲಾಗಲಿಲ್ಲ. ಲವೆಲ್ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಮೊಣಕಾಲು ಸ್ವಲ್ಪ ಬಾಗಿಸಿ, ಚೆಂಡು ಯಾವ ಕಡೆ ಬರುತ್ತದೆ ಎಂದು ಕಾಯುವಾಗ ನೋಡುತ್ತಿದ್ದನಲ್ಲ, ಹಾಗೆಯೇ ನೋಡಿದ. ಪದ ಹೋಗಿದ್ದವು, ಕಣ್ಣು ಹೋಗಿರಲಿಲ್ಲ.

"ಓ," ಎಂದ. "ಅಂದ್ರೆ ನನಗೆ ಗೊತ್ತಿದ್ದ ಪದಾನಾ ಅವು?"

"ನಮ್ಮ ಮಗಳಿಗೂ ಗೊತ್ತು," ಎಂದಳು ಕೊರೀನ್.

ಲವೆಲ್ ಜೇಬಿನಿಂದ ಕಾರಿನ ಕೀಲಿ ತೆಗೆದು ಅವಳ ಕೈಗೆ ಕೊಟ್ಟ. "ನೀನೇ ಓಡಿಸು. ಮಗಳನ್ನ ಕರ್ಕೊಂಡೇ ಹೋಗೋಣ. ಅವಳ ಹತ್ರ ಕೇಳ್ಬೇಕು."

ಭಾನುವಾರ ಅವನು ಬರಲಿಲ್ಲ. ತಂಡದವರು ಪತ್ರಿಕೆಗೆ ಹೇಳಿಕೆ ಕೊಟ್ಟರು: ಪಿಟ್‌ಮನ್ ಪೂರ್ಣ ಆರೋಗ್ಯದಿಂದ ನಿವೃತ್ತನಾಗಿದ್ದಾನೆ, ವೈದ್ಯಕೀಯ ದಾಖಲೆಗಳೇ ಸಾಕ್ಷಿ.