ಗೋಡೆಗೆ ಮುಖ ಮಾಡಿದವರು

ಜಾರ್ಜಿಯಾದ ಹತ್ತಿಹೊಲಗಳ ನಡುವಿನ ಆ ಕಪ್ಪು ಮಕ್ಕಳ ಶಾಲೆಗೆ ಒಂದೇ ಕೋಣೆ, ಒಬ್ಬಳೇ ಟೀಚರು. ಗೋಡೆಗೆ ತೂಗುಹಾಕಿದ ಹಲಗೆಗೆ ಮಾತ್ರ ಎರಡು ಮುಖ. ಒಂದು ಕಡೆ ರಾಜ್ಯದ ಭೂಪಟ. ಇನ್ನೊಂದು ಕಡೆ ಪತ್ರಿಕೆಗಳಿಂದಲೂ ಶವಪೆಟ್ಟಿಗೆ ಅಂಗಡಿಯ ಕ್ಯಾಲೆಂಡರಿನಿಂದಲೂ ಕತ್ತರಿಸಿ ಅಂಟಿಸಿದ ಕಪ್ಪು ಹಿರಿಯರ ಚಿತ್ರಗಳು. ಬಿಳಿಯ ಶಾಲಾ ಇನ್‌ಸ್ಪೆಕ್ಟರು ಬಂದಾಗ ಭೂಪಟ, ಅವರು ಹೋದ ಮೇಲೆ ಹಿರಿಯರು. ಯೂಲಾ ಟಾಲಿವರ್ ಒಂಬತ್ತು ವರ್ಷದಿಂದ ಹೀಗೇ ಪಾಠ ಮಾಡಿಕೊಂಡು ಬಂದಿದ್ದಳು. ಪಕ್ಕದ ಜಿಲ್ಲೆಯಲ್ಲಿ ಇಂಥವೇ ಚಿತ್ರಗಳಿಗಾಗಿ ಮೇಷ್ಟ್ರೊಬ್ಬರ ಕೆಲಸ ಹೋಗಿ, ಶಾಲೆಗೆ ಬೀಗ ಬಿದ್ದು, ಮಕ್ಕಳೆಲ್ಲ ಹತ್ತಿ ಬಿಡಿಸಲು ಹೋಗಿದ್ದವು.

ಕಾವಲಿಗೆ ಜೂಬಲ್ ತಾತ ಇದ್ದ. ರಸ್ತೆಯ ತಿರುವಿನಲ್ಲಿ ಅವನ ತುಂಡುಹೊಲ. ಇನ್‌ಸ್ಪೆಕ್ಟರ ಕಾರು ಕಂಡ ಕೂಡಲೇ ಇಗರ್ಜಿಯ ಒಂದು ಹಾಡನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದ. ಯೂಲಾ ಹಲಗೆ ತಿರುಗಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರ ಫೆಬ್ರವರಿ. ಕಪ್ಪು ಜನರ ಇತಿಹಾಸದ ವಾರ. ಮಳೆ ಬಿದ್ದು ಕೆಮ್ಮಣ್ಣಿನ ರಸ್ತೆ ಕಲಸಿದ ಹಿಟ್ಟಾಗಿತ್ತು. ಇನ್‌ಸ್ಪೆಕ್ಟರ ಕಾರು ಜೂಬಲ್ ತಾತನ ಹೊಲದೆದುರಿಗೇ ಹೂತುಕೊಂಡಿತು. ತಾತ ಹಾಡಲು ಬಾಯಿ ತೆರೆದನಂತೆ. "ಹಾಡು ಆಮೇಲೆ. ಮೊದ್ಲು ನಿನ್ನ ಹೇಸರಗತ್ತೆ ಕಟ್ಟಿ ಕಾರೆಳಿ" ಎಂದು ಗದರಿಸಿ ಇನ್‌ಸ್ಪೆಕ್ಟರು ನಡೆದೇ ಬಂದುಬಿಟ್ಟರು.

ಇದು ಯೂಲಾಳಿಗೆ ಗೊತ್ತಾದದ್ದು ಆಮೇಲೆ. ಅವರು ಬಾಗಿಲಲ್ಲಿ ನಿಂತಾಗ ಅವಳು ಹಲಗೆಯ ಪಕ್ಕದಲ್ಲೇ ಇದ್ದಳು. ಗಲಾಟೆ ಮಾಡಿದ್ದಕ್ಕೆ ಏಮೊಸ್ ಎಂಬ ಹುಡುಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಆ ಶಾಲೆಯಲ್ಲಿದ್ದ ಶಿಕ್ಷೆ ಅದೊಂದೇ.

"ಏನೇ ಯೂಲಾ ಇದು? ಯಾರಿವರೆಲ್ಲ?"

ಬಿಳಿಯರ ಬಾಯಲ್ಲಿ ಅವಳಿಗೆ ಯಾವತ್ತೂ ಏಕವಚನವೇ. ಇಂಥ ದಿನಕ್ಕೆಂದು ಒಂದು ಸುಳ್ಳನ್ನು ಅವಳು ಒಂಬತ್ತು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದಳು.

"ಹಿಂದಿನ ಟೀಚರ್ ಬಿಟ್ಟು ಹೋಗಿದ್ದು ಸಾರ್. ಒಲೆಗೆ ಹಾಕ್ಬೇಕು ಅಂತಿದ್ದೆ..."

"ಅದು ನಮ್ಮಜ್ಜಿ ಸಾರ್" ಎಂದಳು ಲೂವೀ, ಮುಂದಿನ ಬೆಂಚಿನಿಂದ ಒಂದು ಚಿತ್ರದತ್ತ ಬೆರಳು ತೋರಿಸಿ.

ಹತ್ತು ವರ್ಷದ ಹುಡುಗಿ. ನಿನ್ನೆಯಷ್ಟೇ ಅದೇ ಚಿತ್ರದ ಕೆಳಗೆ ನಿಂತು ತಪ್ಪಿಲ್ಲದೆ ಒಪ್ಪಿಸಿದ್ದಳು: ಹ್ಯಾರಿಯೆಟ್ ಟಬ್‌ಮನ್, ಗುಲಾಮಗಿರಿಯಿಂದ ಓಡಿಹೋದವಳು, ಸುಮ್ಮನೆ ಕೂರದೆ ಹತ್ತಾರು ಸಲ ಹಿಂದಕ್ಕೆ ಬಂದು ತನ್ನವರನ್ನು ಬಿಡಿಸಿಕೊಂಡು ಹೋದವಳು.

"ನಿಮ್ಮಜ್ಜಿಯಾ? ಗಟ್ಟಿಮುಟ್ಟಾಗಿದಾಳೆ. ನಮ್ಮನೆ ಬಟ್ಟೆ ಒಗೆಯೋಕೆ ಕಳ್ಸು."

"ಅವಳಿಗೆ ಪುರುಸೊತ್ತಿಲ್ಲ ಸಾರ್. ಜನಾನ ಕರ್ಕೊಂಡು ಬರೋಕೆ ಹೋಗಿದಾಳೆ."

"ಯಾವ ಜನ?"

"ನಮ್ಮ ನೆಂಟ್ರು ಸಾರ್."

ಇನ್‌ಸ್ಪೆಕ್ಟರು ಕೋಲಿನಿಂದ, ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದ ಫ್ರೆಡರಿಕ್ ಡಗ್ಲಸರ ಚಿತ್ರ ತೋರಿಸಿದರು. "ಈ ಬಿಳಿ ಕೂದಲಿನವನು?"

ಏಮೊಸ್ ಗೋಡೆಯಿಂದ ತಿರುಗಿದ. "ನಮ್ಮ ದೊಡ್ಡಪ್ಪ ಸಾರ್."

"ಏನು ಕೆಲಸ ಅವನಿಗೆ?"

"ಮಾತಾಡೋದು ಸಾರ್. ಶುರು ಮಾಡಿದ್ರೆ ನಿಲ್ಸೋರೇ ಇಲ್ಲ."

ಇನ್‌ಸ್ಪೆಕ್ಟರು ನಕ್ಕುಬಿಟ್ಟರು. "ಎಲ್ಲಾರ ಮನೇಲೂ ಇರ್ತಾನೆ ಬಿಡು ಅಂಥವನೊಬ್ಬ."

ಬಿಳಿಯರು ಕೇಳಿದರೆ ನಿಜ ಹೇಳಬಾರದು, ಸುಳ್ಳೆಂದು ತಿಳಿಯುವಂಥ ಸುಳ್ಳನ್ನೂ ಹೇಳಬಾರದು. ಆ ಊರಿನ ಮಕ್ಕಳು ಇದನ್ನು ಅಕ್ಷರ ಕಲಿಯುವುದಕ್ಕೆ ಮೊದಲೇ ಮನೆಯಲ್ಲಿ ಕಲಿತಿರುತ್ತವೆ. ಒಂದೊಂದು ಚಿತ್ರಕ್ಕೂ ಒಂದೊಂದು ಕೈ ಮೇಲೆದ್ದಿತು. ಕವಿಗಳು ಚಿಕ್ಕಪ್ಪಂದಿರಾದರು, ಗಗನಶಾಸ್ತ್ರಜ್ಞ ಮಾವನಾದ. ಈ ನಾಡಿನ ಅರ್ಧ ಚರಿತ್ರೆ ಆ ಇಪ್ಪತ್ತೆರಡು ಮಕ್ಕಳ ನೆಂಟಸ್ತಿಕೆಯಲ್ಲಿ ಹಂಚಿಹೋಯಿತು. ಅದರಲ್ಲಿ ಒಬ್ಬರನ್ನಾದರೂ ಇನ್‌ಸ್ಪೆಕ್ಟರು ಗುರುತಿಸಲಿಲ್ಲ.

"ಮನೆಯವ್ರ ಚಿತ್ರ ಇರ್ಲಿ, ತೊಂದ್ರೆಯಿಲ್ಲ. ಭೂಪಟಾನೂ ಕಲಿಸು" ಎಂದು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಅವರು ಹೊರಟರು.

ಯೂಲಾಳ ಕೆಲಸ ಉಳಿಯಿತು, ಶಾಲೆಯೂ ಉಳಿಯಿತು. ಆದರೂ ಮಕ್ಕಳ ಕಡೆ ತಿರುಗುವುದು ಅವಳಿಂದಾಗಲಿಲ್ಲ. ಒಲೆಗೆ ಹಾಕುತ್ತೇನೆಂದು ಹೇಳಿದ್ದು ಅವಳ ಬಾಯಿ. ನಮ್ಮವರು ಎಂದದ್ದು ಅವಳಿಂದಲೇ ಪಾಠ ಕಲಿತ ಮಕ್ಕಳು. ಅವಳಿಗೆ ನಾಚಿಕೆಯಾಯಿತು.

ಕಾರು ಹೊರಟ ಸದ್ದಿನ ಹಿಂದೆಯೇ ರಸ್ತೆಯ ತಿರುವಿನಿಂದ ಜೂಬಲ್ ತಾತನ ಹಾಡು ಕೇಳಿಬಂತು, ಎಂದಿಗಿಂತ ಜೋರಾಗಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಾಡು ಕಿವಿಗೆ ಬಿದ್ದದ್ದೇ ತಡ, ಒಂಬತ್ತು ವರ್ಷದ ರೂಢಿಯಂತೆ ಯೂಲಾಳ ಕೈ ತಾನಾಗಿ ಹಲಗೆಯ ಅಂಚು ಹಿಡಿದು ಅರ್ಧ ತಿರುಗಿಸಿತ್ತು.

"ಬೇಡ ಟೀಚರ್" ಎಂದಳು ಲೂವೀ. ಅವಳು ನಗುತ್ತಿರಲಿಲ್ಲ. "ನಮ್ಮಜ್ಜಿ ಏನು ತಪ್ಪು ಮಾಡಿದಾಳೆ ಅಂತ ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತೀರಿ?"